ಗೇಮಿಂಗ್ ಮಾರ್ಕೆಟ್‌ಪ್ಲೇಸ್‌ಗೆ ಡೊಮೇನ್ ಹೆಸರು: ಚಂದ ಇದ್ದರೆ ಸಾಲದು, ಕೈಯಲ್ಲಿ ಉಳಿಯಬೇಕು

ಗೇಮಿಂಗ್ ಮಾರ್ಕೆಟ್‌ಪ್ಲೇಸ್ ಅಂದರೆ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ಗೇಮ್ ಕೀ (ಗೇಮ್ ತೆರೆಯುವ ಕೋಡ್), ಸ್ಕಿನ್ (ಗೇಮ್‌ನೊಳಗಿನ ಸಾಮಾನಿಗೆ ಹಾಕುವ ಬಣ್ಣದ ವೇಷ), ಟಾಪ್-ಅಪ್ (ಗೇಮ್‌ನೊಳಗೆ ಖರ್ಚು ಮಾಡುವ ದುಡ್ಡು), ಗಿಫ್ಟ್ ಕಾರ್ಡ್, ಒಬ್ಬಿಬ್ಬರೇ ಕೂತು ಮಾಡಿದ ಇಂಡೀ ಗೇಮ್‌ಗಳು, ಸೆಕೆಂಡ್ ಹ್ಯಾಂಡ್ ಕನ್ಸೋಲು, ಕಂಟ್ರೋಲರು. ಇವನ್ನು ಒಬ್ಬರು ಮಾರುತ್ತಾರೆ, ಇನ್ನೊಬ್ಬರು ಕೊಳ್ಳುತ್ತಾರೆ, ನಡುವೆ ನಿಮ್ಮ ಸೈಟ್ ಇರುತ್ತದೆ. ಮಾರುವವರಿಗೂ ಕೊಳ್ಳುವವರಿಗೂ ಪರಿಚಯವೇ ಇರುವುದಿಲ್ಲ. ಇಬ್ಬರೂ ನಂಬುವುದು ನಿಮ್ಮನ್ನು. ತಾವು ಬಂದಿರುವುದು ಅಸಲಿ ಸೈಟಿಗೇ ಅಂತ ತಿಳಿಯಲು ಅವರಿಗಿರುವ ಗಟ್ಟಿ ಗುರುತು ಒಂದೇ, ಬ್ರೌಸರ್‌ನ ಮೇಲ್ಗಡೆ ಕಾಣುವ ಆ ಹೆಸರು. ಲೋಗೋ, ಬಣ್ಣ, ಬಟನ್ನು, ಪುಟದ ಅಂದಚಂದ ಎಲ್ಲವನ್ನೂ ಯಾರು ಬೇಕಾದರೂ ಒಂದು ಸಂಜೆಯಲ್ಲಿ ಕಾಪಿ ಹೊಡೆಯಬಹುದು. ಡೊಮೇನ್ ಹೆಸರು ಮಾತ್ರ ಒಂದು ಸಲಕ್ಕೆ ಒಬ್ಬರ ಹತ್ತಿರವೇ ಇರುತ್ತದೆ.

ಆದರೂ ಸೈಟ್ ಶುರು ಮಾಡುವವರು ಮೊದಲು ಕೇಳುವುದು, ಯಾವ ಹೆಸರು ಖಾಲಿ ಇದೆ ಅಂತ. ಖಾಲಿ ಇರಬೇಕು ಸರಿ, ಕೇಳಲು ಖಡಕ್ಕಾಗಿಯೂ ಇರಲಿ. ಆದರೆ ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಐದಾರು ವರ್ಷ ಕಳೆದ ಮೇಲೂ ಈ ಹೆಸರು ನನ್ನ ಹತ್ತಿರವೇ ಇರುತ್ತದೆಯೇ? ದೊಡ್ಡ ಕಂಪನಿಯ ವಕೀಲರು ನೋಟಿಸ್ ಕಳಿಸಿ ಕಿತ್ತುಕೊಳ್ಳಬಹುದು. ಸರ್ಕಾರ ಬ್ಲಾಕ್ ಮಾಡಬಹುದು. ನೀವು ನೆಚ್ಚಿಕೊಂಡ ಗೇಮ್ ತನ್ನ ಹೆಸರನ್ನೇ ಬದಲಿಸಿಕೊಳ್ಳಬಹುದು. ಕಾರ್ಡಿನಿಂದ ರಿನ್ಯೂವಲ್ ದುಡ್ಡು ಕಟ್ ಆಗದೇ ಹೋಗಬಹುದು. ಇವೆಲ್ಲ ಆಗಿರುವಂಥವೇ, ಸುಮ್ನೆ ಹೆದರಿಸಲು ಹೇಳುತ್ತಿಲ್ಲ.

ಸ್ವಿಚ್ ಯಾರ ಕೈಯಲ್ಲಿದೆ?

ಡೊಮೇನ್ 'ಕೊಂಡೆ' ಅನ್ನುತ್ತೇವೆ, ಆದರೆ ಅದು ಪೂರ್ತಿ ನಮ್ಮದಾಗುವುದೇ ಇಲ್ಲ. ಪುರಸಭೆಯ ಮಳಿಗೆಯನ್ನು ಲೀಸಿಗೆ ಹಿಡಿದ ಹಾಗೆ, ಒಂದು ವರ್ಷದಿಂದ ಹತ್ತು ವರ್ಷದ ತನಕ ಬಳಸುವ ಹಕ್ಕು ಸಿಗುತ್ತದೆ, ಅವಧಿ ಮುಗಿಯುವ ಹೊತ್ತಿಗೆ ಮತ್ತೆ ದುಡ್ಡು ಕಟ್ಟಬೇಕು. ಹೆಸರಿನ ಕೊನೆಗೆ ಬರುವ ಡಾಟ್ ಕಾಮ್, ಡಾಟ್ ಇನ್ ಥರದ ಭಾಗಕ್ಕೆ ಎಕ್ಸ್‌ಟೆನ್ಶನ್ ಅನ್ನುತ್ತಾರೆ, ಒಂದು ಎಕ್ಸ್‌ಟೆನ್ಶನ್‌ನ ಪೂರ್ತಿ ಪಟ್ಟಿ ಇಟ್ಟುಕೊಂಡಿರುವ ಸಂಸ್ಥೆಗೆ ರಿಜಿಸ್ಟ್ರಿ ಅನ್ನುತ್ತಾರೆ. ಡಾಟ್ ಕಾಮ್‌ಗೆ ವೆರಿಸೈನ್, ಡಾಟ್ ಇನ್‌ಗೆ ನಮ್ಮ ದೇಶದ ನಿಕ್ಸಿ. ನಿಮಗೆ ಹೆಸರು ಮಾರುವ ಕಂಪನಿ ರಿಜಿಸ್ಟ್ರಾರ್. ಯಾರ ಹೆಸರಿಗೆ ನೋಂದಣಿ ಆಗಿದೆಯೋ ಅವರು ರಿಜಿಸ್ಟ್ರೆಂಟ್. ಡಾಟ್ ಕಾಮ್ ಥರದವಕ್ಕೆ ಮೇಲಿನಿಂದ ನಿಯಮ ಮಾಡುವುದು ಐಕಾನ್, 1998ರಲ್ಲಿ ಅಮೆರಿಕದಲ್ಲಿ ಶುರುವಾದ ಸಂಸ್ಥೆ.

ರಿಜಿಸ್ಟ್ರಾರ್ ಅಂದರೆ ಬರೀ ಒಂದು ಅಂಗಡಿ ಅಂದುಕೊಂಡು, ಯಾರು ಕಮ್ಮಿಗೆ ಕೊಡುತ್ತಾರೋ ಅವರ ಹತ್ತಿರ ತೆಗೆದುಕೊಳ್ಳುವವರೇ ಜಾಸ್ತಿ. ಆದರೆ ಸೈಟ್ ಆನ್ ಆಗಿರಬೇಕೋ ಆಫ್ ಆಗಬೇಕೋ ಅನ್ನುವ ಸ್ವಿಚ್ ಇರುವುದು ಅವರ ಕೈಯಲ್ಲಿ. ಇಂಡೀ ಗೇಮ್‌ಗಳ ಮಾರುಕಟ್ಟೆ ಇಚ್ ಡಾಟ್ ಐಒ ಗೊತ್ತಲ್ವಾ? 2024ರ ಡಿಸೆಂಬರ್ 9ರಂದು ಅದು ಕೆಲವು ಗಂಟೆ ಯಾರಿಗೂ ಸಿಗದಂತಾಯಿತು. ಫಂಕೋ ಅನ್ನುವ ಗೊಂಬೆ ಕಂಪನಿಯ ಪರವಾಗಿ ಬ್ರ್ಯಾಂಡ್‌ಶೀಲ್ಡ್ ಅನ್ನುವ ಸಂಸ್ಥೆ ಇಂಟರ್ನೆಟ್ ಮೇಲೆ ಕಣ್ಣಿಟ್ಟು ನಕಲಿ ಪುಟಗಳನ್ನು ಹುಡುಕುತ್ತಿತ್ತು. ಇಚ್‌ನಲ್ಲಿ ಬಳಕೆದಾರರೊಬ್ಬರು ಹಾಕಿದ್ದ ಒಂದು ಪುಟದ ಮೇಲೆ ಅದರ ಕಣ್ಣು ಬಿತ್ತು, ದೂರು ಹೋಯಿತು. ತಾವು ಆ ಪುಟವನ್ನು ತೆಗೆದು ಉತ್ತರವನ್ನೂ ಕೊಟ್ಟಿದ್ದೆವು, ಆದರೂ ರಿಜಿಸ್ಟ್ರಾರ್ ಕಡೆಯವರು ಅದನ್ನು ನೋಡದೆ ಡೊಮೇನನ್ನೇ ಬಂದ್ ಮಾಡಿದರು ಅಂತ ಇಚ್‌ನವರು ಹೇಳಿದರು. ಇಡೀ ಸೈಟನ್ನು ಮುಚ್ಚಿ ಅಂತ ತಾವು ಕೇಳಿರಲಿಲ್ಲ ಅಂತ ಫಂಕೋ ಹೇಳಿತು. ಒಂದೇ ಒಂದು ಪುಟದ ಜಗಳ, ಸಾವಿರಾರು ಡೆವಲಪರ್‌ಗಳ ಅಂಗಡಿ ಬಂದ್.

ಮಾರ್ಕೆಟ್‌ಪ್ಲೇಸ್ ನಡೆಸುವವರಿಗೆ ಈ ಅಪಾಯ ಬೇರೆಯವರಿಗಿಂತ ಜಾಸ್ತಿ. ನಿಮ್ಮ ಸೈಟಿನಲ್ಲಿ ಏನಿದೆ ಅನ್ನುವುದನ್ನು ನೀವೊಬ್ಬರೇ ಬರೆಯುವುದಿಲ್ಲ, ಸಾವಿರ ಜನ ಮಾರಾಟಗಾರರು ಬರೆಯುತ್ತಾರೆ. ಅವರಲ್ಲಿ ಒಬ್ಬ ಬೇರೆಯವರ ಚಿತ್ರ ಕದ್ದು ಹಾಕಿದರೂ ದೂರು ಬರುವುದು ಡೊಮೇನ್ ಮೇಲೆ. ಹಾಗಾಗಿ ಹೆಸರು ನೋಡುವಾಗಲೇ ರಿಜಿಸ್ಟ್ರಾರ್ ಯಾರು ಅಂತಲೂ ನೋಡಿ. ದೂರು ಬಂದಾಗ ಮನುಷ್ಯರು ಫೋನ್ ಎತ್ತುತ್ತಾರೆಯೇ, ಬಂದ್ ಮಾಡುವ ಮುಂಚೆ ತಿಳಿಸುತ್ತಾರೆಯೇ, ಕಚೇರಿ ಎಲ್ಲಿದೆ, ನಮ್ಮ ರಾತ್ರಿ ಅವರಿಗೆ ಹಗಲೋ ಅಂತ ವಿಚಾರಿಸಿ. ವರ್ಷಕ್ಕೆ ಇನ್ನೂರು ರೂಪಾಯಿ ಉಳಿಸಲು ಹೋಗಿ ಇದನ್ನು ಬಿಟ್ಟುಕೊಡಬೇಡಿ.

ಗೇಮ್‌ನ ಹೆಸರನ್ನು ಸೇರಿಸಿಕೊಳ್ಳುವ ಆಸೆ

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಯಾವ ಗೇಮ್‌ನ ಸಾಮಾನು ಮಾರುತ್ತೇವೋ ಆ ಗೇಮ್‌ನ ಹೆಸರನ್ನೇ ಡೊಮೇನಿಗೆ ಸೇರಿಸುವುದು. ಗೂಗಲ್‌ನಲ್ಲಿ ಹುಡುಕಿದರೆ ನಾವೇ ಮೊದಲು ಬರುತ್ತೇವೆ ಅನ್ನುವ ಲೆಕ್ಕ. ಹುಡುಕುವ ಪದವನ್ನೇ ಹೆಸರಾಗಿ ಇಟ್ಟುಕೊಂಡ ಕಳಪೆ ಸೈಟುಗಳನ್ನು ಕೆಳಗಿಳಿಸುವ ಬದಲಾವಣೆಯನ್ನು ಗೂಗಲ್ 2012ರಲ್ಲೇ ತಂದಿತು, ಹಾಗಾಗಿ ಆ ಲಾಭ ಮೊದಲಿನಷ್ಟಿಲ್ಲ. ನಷ್ಟ ಮಾತ್ರ ಹಾಗೇ ಇದೆ.

ಕೌಂಟರ್-ಸ್ಟ್ರೈಕ್ ಗ್ಲೋಬಲ್ ಅಫೆನ್ಸಿವ್ 2012ರಲ್ಲಿ ಬಂತು. ಅದರ ಬಂದೂಕುಗಳ ಮೇಲಿನ ಬಣ್ಣದ ಸ್ಕಿನ್‌ಗಳ ವ್ಯಾಪಾರ ಎಷ್ಟು ಬೆಳೆಯಿತೆಂದರೆ, 'ಸಿಎಸ್‌ಗೋ' ಅನ್ನುವ ನಾಲ್ಕಕ್ಷರ ಸೇರಿಸಿಕೊಂಡ ಸೈಟುಗಳು ಸಾಲುಸಾಲಾಗಿ ಹುಟ್ಟಿದವು. 2016ರಲ್ಲಿ ಗೇಮ್‌ನ ಒಡೆಯರಾದ ವಾಲ್ವ್ ಕಂಪನಿ, ಸ್ಕಿನ್ ಇಟ್ಟು ಜೂಜಾಡಿಸುತ್ತಿದ್ದ ಸೈಟುಗಳಿಗೆ ನಿಲ್ಲಿಸಿ ಅಂತ ನೋಟಿಸ್ ಕಳಿಸಿತು. ಜೂಜು ಆಡಿಸದೆ ಮರ್ಯಾದೆಯಿಂದ ವ್ಯಾಪಾರ ಮಾಡುತ್ತಿದ್ದವರ ಮೇಲೂ ಆ ಹೆಸರಿನಿಂದಾಗಿ ಜನರ ಅನುಮಾನ ಬಿತ್ತು. ಆಮೇಲೆ 2023ರ ಸೆಪ್ಟೆಂಬರ್‌ನಲ್ಲಿ ಕೌಂಟರ್-ಸ್ಟ್ರೈಕ್ 2 ಬಂದು ಹಳೆಯ ಗೇಮ್‌ನ ಜಾಗದಲ್ಲಿ ಕೂತಿತು. 'ಗೋ' ಅನ್ನುವುದೇ ಗೇಮ್‌ನ ಹೆಸರಿನಿಂದ ಹೋಯಿತು. ಡೊಮೇನ್‌ನಲ್ಲಿ ಮಾತ್ರ ಉಳಿದುಕೊಂಡಿತು.

ಫುಟ್‌ಬಾಲ್ ಗೇಮ್‌ನ ಕಥೆಯೂ ಇದೇ ಥರ. ಇಎ ಕಂಪನಿ ಸುಮಾರು ಮೂವತ್ತು ವರ್ಷ ಫಿಫಾ ಹೆಸರಿನಲ್ಲಿ ಗೇಮ್ ಮಾಡುತ್ತಿತ್ತು. ಫಿಫಾ ಸಂಸ್ಥೆಯ ಜೊತೆಗಿನ ಒಪ್ಪಂದ ಮುಗಿದು 2023ರಿಂದ ಅದು ಇಎ ಸ್ಪೋರ್ಟ್ಸ್ ಎಫ್‌ಸಿ ಆಯಿತು. ಫಿಫಾ ಕಾಯಿನ್ ಅಂತ ಬೋರ್ಡ್ ಹಾಕಿಕೊಂಡವರು ಮಾರುತ್ತಿರುವುದು ಈಗ ಆ ಹೆಸರೇ ಇಲ್ಲದ ಗೇಮ್‌ನ ಕಾಯಿನ್.

ನಮ್ಮ ದೇಶದಲ್ಲಂತೂ ಇದು ಇನ್ನೂ ಗಟ್ಟಿಯಾಗಿ ಆಗಿದೆ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಬ್ಯಾನ್ ಆಯಿತು. 2021ರ ಜುಲೈನಲ್ಲಿ ಕ್ರಾಫ್ಟನ್ ಕಂಪನಿ ಅದನ್ನೇ ಬಿಜಿಎಂಐ ಅಂತ ತಂದಿತು. 2022ರ ಜುಲೈನಲ್ಲಿ ಅದೂ ಆಪ್ ಸ್ಟೋರ್‌ಗಳಿಂದ ಹೋಯಿತು, 2023ರ ಮೇ ತಿಂಗಳಲ್ಲಿ ವಾಪಸ್ ಬಂತು. ನಡುವೆ 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಬ್ಯಾನ್. ಗೇಮ್‌ನೊಳಗಿನ ದುಡ್ಡಾದ ಪಬ್‌ಜಿಯ ಯುಸಿಯನ್ನೋ ಫ್ರೀ ಫೈರ್‌ನ ಡೈಮಂಡನ್ನೋ ನಂಬಿ ಹೆಸರಿಟ್ಟುಕೊಂಡ ಟಾಪ್-ಅಪ್ ಸೈಟ್ ಏನು ಮಾಡಬೇಕು? ಸಾಮಾನು ಬದಲಾಯಿಸಬಹುದು. ಗಿರಾಕಿಗಳ ನಾಲಿಗೆಯ ಮೇಲೆ ಕೂತ ಹೆಸರನ್ನು ಬದಲಾಯಿಸುವುದು ಕಷ್ಟ.

ಇನ್ನು ಕಾನೂನು. ಗೇಮ್‌ಗಳ ಹೆಸರುಗಳೆಲ್ಲ ಹೆಚ್ಚುಕಮ್ಮಿ ಟ್ರೇಡ್‌ಮಾರ್ಕ್ ಆಗಿರುತ್ತವೆ. ಡಾಟ್ ಕಾಮ್ ಮೇಲಿನ ಜಗಳಕ್ಕೆ ಐಕಾನ್ 1999ರಲ್ಲಿ ಯುಡಿಆರ್‌ಪಿ ಅನ್ನುವ ವ್ಯವಸ್ಥೆ ಮಾಡಿತು. ಕೋರ್ಟಿಗೆ ಹೋಗುವ ಗೋಜಿಲ್ಲದೆ ಕಂಪನಿ ದೂರು ಕೊಡಬಹುದು. ಮೂರು ವಿಷಯ ತೋರಿಸಿದರೆ ಸಾಕು. ನಿಮ್ಮ ಹೆಸರು ಅವರ ಟ್ರೇಡ್‌ಮಾರ್ಕ್‌ನಂತೆಯೇ ಇದೆ ಅಥವಾ ಗೊಂದಲ ಆಗುವಷ್ಟು ಹತ್ತಿರ ಇದೆ, ಅದರ ಮೇಲೆ ನಿಮಗೆ ನ್ಯಾಯವಾದ ಹಕ್ಕಿಲ್ಲ, ನೀವು ಅದನ್ನು ಕೆಟ್ಟ ಉದ್ದೇಶದಿಂದ ನೋಂದಾಯಿಸಿ ಬಳಸಿದ್ದೀರಿ. ಇಂಥ ದೂರುಗಳನ್ನು ಕೇಳುವ ಜಿನೀವಾದ ವೈಪೋ ಸಂಸ್ಥೆಯಲ್ಲಿ ಒಬ್ಬ ತೀರ್ಪುಗಾರರ ಮುಂದೆ ಐದು ಡೊಮೇನ್‌ಗಳ ತನಕದ ದೂರಿಗೆ ಶುಲ್ಕ 1,500 ಡಾಲರ್. ನಮಗೆ ದೊಡ್ಡ ಮೊತ್ತ, ದೊಡ್ಡ ಗೇಮ್ ಕಂಪನಿಗೆ ಚಹಾದ ಖರ್ಚು. ಮೈಕ್ರೋಸಾಫ್ಟ್ 2013ರ ಮೇ ತಿಂಗಳಲ್ಲಿ ಎಕ್ಸ್‌ಬಾಕ್ಸ್ ಒನ್ ಪ್ರಕಟಿಸಿದ ಬೆನ್ನಿಗೇ, ಬೇರೆಯವರ ಕೈಯಲ್ಲಿದ್ದ ಅದೇ ಹೆಸರಿನ ಡಾಟ್ ಕಾಮ್ ಮತ್ತು ಡಾಟ್ ನೆಟ್‌ಗಳ ಮೇಲೆ ಇಂಥದ್ದೇ ದೂರು ಹಾಕಿತ್ತು. ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ ಅಂತ ಬೇರೆ ವ್ಯವಸ್ಥೆ ಇದೆ.

ಅಕ್ಷರ ಒಂದಿಷ್ಟು ಬದಲಿಸಿದರೆ ತಪ್ಪಿಸಿಕೊಳ್ಳಬಹುದು ಅಂತ ಅಂದುಕೊಳ್ಳಬೇಡಿ. ಸತ್ಯಂ ಇನ್ಫೋವೇ ಕಂಪನಿಯ 'ಸಿಫಿ' ಹೆಸರಿಗೆ ಒಂದು 'ಎಫ್' ಜಾಸ್ತಿ ಸೇರಿಸಿ, ಕೊನೆಗೆ 'ನೆಟ್' ಅಂತ ಹಾಕಿಕೊಂಡವರ ವಿರುದ್ಧದ ಕೇಸು ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂತೆಯೇ ರಕ್ಷಣೆ ಇದೆ ಅಂತ 2004ರಲ್ಲಿ ಕೋರ್ಟ್ ಹೇಳಿತು, ಸಿಫಿ ಗೆದ್ದಿತು.

ಇದೇ ಕಾನೂನು ನಿಮ್ಮ ಪರವಾಗಿಯೂ ಕೆಲಸ ಮಾಡುತ್ತದೆ, ಅದನ್ನು ಮರೆಯಬೇಡಿ. ಹೆಸರು ಆರಿಸಿದ ಮೇಲೆ ಭಾರತದ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಸೈಟಿನಲ್ಲಿ ಪುಕ್ಕಟೆಯಾಗಿ ಹುಡುಕಬಹುದು. 9, 35 ಮತ್ತು 41ನೇ ಕ್ಲಾಸ್‌ಗಳಲ್ಲಿ ನೋಡಿ. 9ರಲ್ಲಿ ಸಾಫ್ಟ್‌ವೇರ್, 35ರಲ್ಲಿ ವ್ಯಾಪಾರ, 41ರಲ್ಲಿ ಮನರಂಜನೆ ಬರುತ್ತದೆ. ಯಾರೂ ಇಲ್ಲದಿದ್ದರೆ ನೀವೇ ಅರ್ಜಿ ಹಾಕಿ. ಬರೀ ಡೊಮೇನ್ ಇದ್ದರೆ ಅರ್ಧ ಬೇಲಿ ಅಷ್ಟೇ.

ಗೆಲ್ಲುವ ಆಸೆ ಹುಟ್ಟಿಸುವ ಪದಗಳು

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಪಾಸು ಮಾಡಿತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಇ-ಸ್ಪೋರ್ಟ್ಸ್‌ಗೂ ಸುಮ್ಮನೆ ಮಜಾಕ್ಕೆ ಆಡುವ ಆಟಗಳಿಗೂ ಅದರಲ್ಲಿ ಪ್ರೋತ್ಸಾಹ ಇದೆ. ದುಡ್ಡು ಹಾಕಿ ದುಡ್ಡು ಗೆಲ್ಲುವ ಆಸೆಯಿಂದ ಆಡುವ ಆಟಗಳಿಗೆ ನಿಷೇಧ ಇದೆ. ಚತುರತೆಯ ಆಟವೋ ಅದೃಷ್ಟದ ಆಟವೋ ಅನ್ನುವ ಹಳೆಯ ವಾದ ಅಲ್ಲಿ ನಡೆಯುವುದಿಲ್ಲ. ಆನ್‌ಲೈನ್ ಜೂಜು ತಡೆಯಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿದ್ದು ಆ ವಾದದ ಮೇಲೇ ಆಗಿತ್ತು. ಹೊಸ ಕಾಯ್ದೆ ಕೇಂದ್ರದ್ದು. ಇಂಥ ಆಟ ನಡೆಸುವವರಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿ ರೂಪಾಯಿ ತನಕ ದಂಡ ಇದೆ. ಜಾಹೀರಾತು ಹಾಕುವುದೂ ಅಪರಾಧ. ಬ್ಯಾಂಕು, ಪೇಮೆಂಟ್ ಕಂಪನಿಗಳು ಇದಕ್ಕೆ ದುಡ್ಡು ಸಾಗಿಸುವಂತಿಲ್ಲ. ಸೈಟನ್ನು ಬ್ಲಾಕ್ ಮಾಡುವ ಅಧಿಕಾರವೂ ಇದೆ.

ನೀವು ಮಾರುವುದು ಗೇಮ್ ಕೀ ಮಾತ್ರ ಆಗಿರಬಹುದು. ಆದರೆ ಡೊಮೇನ್‌ನಲ್ಲಿ ಬೆಟ್, ಕ್ಯಾಶ್, ವಿನ್, ಲಕ್ಕಿ, ಜಾಕ್‌ಪಾಟ್ ಅಂತ ಸೇರಿಸಿಕೊಂಡರೆ ನಿಮ್ಮ ಪುಟ ತೆರೆದು ಓದುವಷ್ಟು ತಾಳ್ಮೆ ಯಾರಿಗಿರುತ್ತದೆ? ಪೇಮೆಂಟ್ ಗೇಟ್‌ವೇಗೆ ಅರ್ಜಿ ಹಾಕಿದಾಗ ಅವರು ಮೊದಲು ನೋಡುವುದು ಸೈಟಿನ ಹೆಸರನ್ನು. ಕಾಯ್ದೆಯಲ್ಲಿ ಪಣದ ಅರ್ಥವೂ ವಿಶಾಲವಾಗಿದೆ, ದುಡ್ಡಿಗೆ ಸಮ ಅನ್ನಿಸುವ ಕಾಯಿನ್, ಟೋಕನ್, ಕ್ರೆಡಿಟ್‌ಗಳೂ ಅದರಲ್ಲಿ ಬರುತ್ತವೆ. ಸ್ಕಿನ್, ಕಾಯಿನ್ ಮಾರುವವರು ಮೊದಲೇ ಗೆರೆಯ ಹತ್ತಿರ ನಿಂತಿರುತ್ತಾರೆ. ಹೆಸರಿನಲ್ಲೇ ಆ ಕಡೆ ಕಾಲಿಡುವುದು ಬೇಡ.

ನಕಲಿಗೆ ಸುಲಭವಾಗಿ ಸಿಗದ ಹೆಸರು

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಗೇಮರ್‌ಗಳ ದುಡ್ಡು ಹೋಗುವುದು ಹೆಚ್ಚಾಗಿ ಇಲ್ಲೇ.

ಸ್ಟೀಮ್ ಅಂದರೆ ವಾಲ್ವ್ ಕಂಪನಿಯ ಗೇಮ್ ಅಂಗಡಿ, ಅದರ ಮಾರುಕಟ್ಟೆ ಇರುವುದು ಸ್ಟೀಮ್‌ಕಮ್ಯುನಿಟಿ ಅನ್ನುವ ಡೊಮೇನ್‌ನಲ್ಲಿ. ಇಂಗ್ಲಿಷ್‌ನಲ್ಲಿ ಬರೆಯುವಾಗ ಸ್ಟೀಮ್ ಪದದ ಕೊನೆಗೆ ಬರುವ 'ಎಂ' ಅಕ್ಷರವನ್ನು ತೆಗೆದು 'ಆರ್' ಮತ್ತು 'ಎನ್' ಸಣ್ಣಕ್ಷರಗಳನ್ನು ಒತ್ತೊತ್ತಾಗಿ ಇಟ್ಟು ನೋಡಿ. ಮೊಬೈಲ್ ಪರದೆಯಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಮೋಸಗಾರರು ವರ್ಷಗಳಿಂದ ಬಳಸುತ್ತಿರುವ ಉಪಾಯ ಇದು. ಗೇಮರ್‌ಗಳು ಹರಟೆ ಹೊಡೆಯುವ ಆಪ್ ಡಿಸ್ಕಾರ್ಡ್‌ನಲ್ಲಿ ಒಬ್ಬ ಹುಡುಗನಿಗೆ ಗೆಳೆಯನ ಖಾತೆಯಿಂದ ಮೆಸೇಜ್ ಬರುತ್ತದೆ, 'ನಮ್ಮ ಟೀಮ್‌ಗೆ ಒಂದು ವೋಟ್ ಹಾಕೋ' ಅಂತ. ಲಿಂಕ್ ಒತ್ತಿದರೆ ಸ್ಟೀಮ್ ಲಾಗಿನ್ ಪುಟ. ಅದೇ ಕಡುನೀಲಿ ಬಣ್ಣ, ಅದೇ ಬಟನ್. ಪಾಸ್‌ವರ್ಡ್ ಹಾಕುತ್ತಾನೆ, ಮೊಬೈಲಿಗೆ ಬಂದ ಕೋಡ್ ಹಾಕುತ್ತಾನೆ. ಅಲ್ಲಿಗೇ ಮುಗಿಯುವುದಿಲ್ಲ. ಒಳಗೆ ಹೋದ ಕಳ್ಳ ಏನನ್ನೂ ಮುಟ್ಟದೆ, ಖಾತೆಯ ಮೇಲೆ ಹಿಡಿತ ಇಟ್ಟುಕೊಂಡು ಸುಮ್ಮನೆ ಕಾಯುತ್ತಾನೆ. ಮುಂದೊಂದು ದಿನ ಹುಡುಗ ನಿಮ್ಮ ಮಾರ್ಕೆಟ್‌ಪ್ಲೇಸ್‌ನಲ್ಲಿ ಒಂದು ಚಾಕುವಿನ ಸ್ಕಿನ್ ಮಾರಲು ಟ್ರೇಡ್ ಕಳಿಸುತ್ತಾನೆ. ಕಳ್ಳನ ಸ್ಕ್ರಿಪ್ಟ್ ಆ ಟ್ರೇಡನ್ನು ರದ್ದು ಮಾಡಿ, ನಿಮ್ಮ ಪರವಾಗಿ ಟ್ರೇಡ್ ಮಾಡುವ ಬಾಟ್‌ನದೇ ಹೆಸರು, ನಿಮ್ಮದೇ ಫೋಟೋ ಇರುವ ಇನ್ನೊಂದು ಖಾತೆಗೆ ಹೊಸ ಟ್ರೇಡ್ ಹುಟ್ಟಿಸುತ್ತದೆ. ಹುಡುಗ ಮೊಬೈಲಿನಲ್ಲಿ ಒಪ್ಪಿಗೆ ಒತ್ತುತ್ತಾನೆ. ಸ್ಕಿನ್ ಹೋಯಿತು. ಅವನು ಬೈಯುವುದು ಯಾರನ್ನು? ನಿಮ್ಮನ್ನೇ. ಅವನ ಕಣ್ಣಿಗೆ ಕಂಡದ್ದು ನಿಮ್ಮ ಹೆಸರು ತಾನೇ.

ಸ್ಟೀಮ್‌ನಷ್ಟು ದೊಡ್ಡವರಿಗೆ ಹೆಸರು ಬದಲಿಸಿಕೊಳ್ಳುವ ದಾರಿ ಇಲ್ಲ. ನಿಮಗಿದೆ, ಇನ್ನೂ ಶುರುವೇ ಮಾಡಿಲ್ಲ. ಇಂಗ್ಲಿಷ್‌ನಲ್ಲಿ ಬರೆದಾಗ 'ಎಂ', 'ಡಬ್ಲ್ಯು', 'ಎಲ್', 'ಐ', 'ಓ' ಕಡಿಮೆ ಇರುವ ಹೆಸರು ಹುಡುಕಿ. 'ಡಬ್ಲ್ಯು' ಬದಲು ಎರಡು 'ವಿ' ಹಾಕಬಹುದು, 'ಎಲ್' ಬದಲು ಒಂದು ಅನ್ನುವ ಅಂಕಿ, 'ಓ' ಬದಲು ಸೊನ್ನೆ. ನಡುವೆ ಹೈಫನ್ ಬೇಡ. ನಿಮ್ಮ ಹೆಸರಿನಲ್ಲಿ ಹೈಫನ್ ಇದ್ದರೆ, ಹೈಫನ್ ಇಲ್ಲದ ಅದೇ ಹೆಸರನ್ನು ಇನ್ನೊಬ್ಬ ತೆಗೆದುಕೊಳ್ಳುತ್ತಾನೆ. ಒಂದೇ ಅಕ್ಷರ ಎರಡು ಸಲ ಒಟ್ಟಿಗೆ ಬಂದರೂ ಇದೇ ಕಷ್ಟ. ನಿಯಮದ ಪ್ರಕಾರ ಹೆಸರು 63 ಅಕ್ಷರದ ತನಕ ಇರಬಹುದು, ಆದರೆ ಉದ್ದ ಹೆಸರಿನಲ್ಲಿ ತಪ್ಪು ಅಕ್ಷರ ಅಡಗಿಕೊಳ್ಳಲು ಜಾಗ ಜಾಸ್ತಿ. ಹತ್ತು ಹನ್ನೆರಡು ಅಕ್ಷರದೊಳಗೆ ಮುಗಿಸಿ. ಆಮೇಲೆ ಜನ ಮಾಡಬಹುದಾದ ಎರಡು ಮೂರು ತಪ್ಪು ಸ್ಪೆಲಿಂಗ್‌ಗಳನ್ನೂ ನೀವೇ ತೆಗೆದುಕೊಂಡು ಅಸಲಿಗೆ ತಿರುಗಿಸಿ.

ಕನ್ನಡದ ಪದ ಇಡಬೇಕು ಅನ್ನುವವರು ಇದ್ದೀರಿ, ಇಡಿ, ನನಗೂ ಇಷ್ಟವೇ. ಆದರೆ ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದಾಗ ಏನಾಗುತ್ತದೆ ಅಂತ ನೋಡಿಕೊಳ್ಳಿ. 'ಆಟ'ಕ್ಕೆ ಶುರುವಿನಲ್ಲಿ ಒಂದು 'ಎ' ಹಾಕುವವರೂ ಇದ್ದಾರೆ, ಎರಡು ಹಾಕುವವರೂ ಇದ್ದಾರೆ. 'ಸಂತೆ'ಯನ್ನು ನಾವು 'ಟಿ' ಪಕ್ಕ 'ಎಚ್' ಹಾಕಿ ಬರೆಯುತ್ತೇವೆ, ಉತ್ತರದವರು ಬರೀ 'ಟಿ' ಹಾಕುತ್ತಾರೆ. 'ಕಟ್ಟೆ' ಅಂತ ನೀವು ಇಟ್ಟದ್ದನ್ನು 'ಕತ್ತೆ' ಅಂತ ಓದಿದರೆ ಅವರ ತಪ್ಪಲ್ಲ. ಪರೀಕ್ಷೆ ಮಾಡುವುದು ಸುಲಭ. ಹೆಸರನ್ನು ವಾಯ್ಸ್ ನೋಟ್‌ನಲ್ಲಿ ಒಂದೇ ಸಲ ಹೇಳಿ, ಹುಬ್ಬಳ್ಳಿಯವರಿಗೆ, ಮಂಗಳೂರಿನವರಿಗೆ, ಕನ್ನಡ ಬಾರದ ಒಬ್ಬರಿಗೆ ಕಳಿಸಿ, ಟೈಪ್ ಮಾಡಿ ಕಳಿಸಲು ಹೇಳಿ. ಎಲ್ಲರೂ ಒಂದೇ ಥರ ಬರೆದರೆ ಆ ಹೆಸರು ಗಟ್ಟಿ. ಗೇಮರ್‌ಗಳು ಹೆಸರು ದಾಟಿಸುವುದು ಆಡುತ್ತಾ ಆಡುತ್ತಾ ಮೈಕ್‌ನಲ್ಲಿ, ಬರೆದು ತೋರಿಸುವಷ್ಟು ಪುರುಸೊತ್ತು ಅಲ್ಲಿರುವುದಿಲ್ಲ.

ಡಾಟ್ ಆದಮೇಲೆ ಏನು?

ಡಾಟ್ ಜಿಜಿ ಗೇಮರ್‌ಗಳ ಅಚ್ಚುಮೆಚ್ಚು. ಮ್ಯಾಚ್ ಮುಗಿದಾಗ ಎದುರಾಳಿಗೆ 'ಗುಡ್ ಗೇಮ್' ಅನ್ನಲು ಎರಡು 'ಜಿ' ಒತ್ತುವ ಅಭ್ಯಾಸ ಎಲ್ಲರಿಗೂ ಇದೆ. ಅಸಲಿಗೆ ಅದು ಇಂಗ್ಲಿಷ್ ಕಡಲ್ಗಾಲುವೆಯ ಗರ್ನ್ಸೀ ದ್ವೀಪದ ಕೋಡ್. ಚಿಕ್ಕದು, ಚಂದ, ಡಾಟ್ ಕಾಮ್‌ಗಿಂತ ಹಲವು ಪಟ್ಟು ದುಬಾರಿ. ಗೇಮ್ ಆಡುವುದನ್ನು ಲೈವ್ ತೋರಿಸುವ ಟ್ವಿಚ್ ಬಳಸುವ ಡಾಟ್ ಟಿವಿ ತುವಾಲು ದೇಶದ್ದು. ಎರಡಕ್ಷರದ ಎಕ್ಸ್‌ಟೆನ್ಶನ್ ಎಲ್ಲವೂ ಯಾವುದೋ ದೇಶಕ್ಕೋ ಪ್ರದೇಶಕ್ಕೋ ಸೇರಿದವು, ಬೆಲೆ ಮತ್ತು ನಿಯಮ ಅವರದೇ.

ಡಾಟ್ ಐಒ ಕಥೆ ಕೇಳಿದರೆ ಇದು ಅರ್ಥವಾಗುತ್ತದೆ. ಅದು ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶದ ಕೋಡ್. ಅಲ್ಲಿನ ಚಾಗೋಸ್ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವುದಾಗಿ ಬ್ರಿಟನ್ 2024ರ ಅಕ್ಟೋಬರ್‌ನಲ್ಲಿ ಹೇಳಿತು, 2025ರ ಮೇಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಪ್ರದೇಶವೇ ಇಲ್ಲದಾದರೆ ಅದರ ಕೋಡ್ ಏನಾಗಬೇಕು? ಯುಗೊಸ್ಲಾವಿಯಾ ಒಡೆದುಹೋದ ಮೇಲೆ ಅದರ ಡಾಟ್ ವೈಯು 2010ರಲ್ಲಿ ಪೂರ್ತಿ ನಿಂತಿತು. ಸೋವಿಯತ್ ಒಕ್ಕೂಟದ ಡಾಟ್ ಎಸ್‌ಯು ಇವತ್ತಿಗೂ ಇದೆ. ಡಾಟ್ ಐಒ ನಾಳೆಯೇ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಹೊಸದಾಗಿ ಶುರು ಮಾಡುವವರು ಗೊತ್ತಿದ್ದೂ ಈ ತಲೆನೋವು ಯಾಕೆ ತರಿಸಿಕೊಳ್ಳಬೇಕು?

ಡಾಟ್ ಗೇಮ್ಸ್, ಡಾಟ್ ಶಾಪ್, ಡಾಟ್ ಸ್ಟೋರ್ ಥರದವೂ ಇವೆ. ಮೊದಲ ವರ್ಷ ತೊಂಬತ್ತೊಂಬತ್ತು ರೂಪಾಯಿ ಅಂತ ಆಸೆ ತೋರಿಸಿ, ಎರಡನೇ ವರ್ಷದಿಂದ ಸಾವಿರಗಟ್ಟಲೆ ಕೇಳುವುದು ಇಲ್ಲಿ ಮಾಮೂಲು. ಕೆಲವು ಒಳ್ಳೆಯ ಪದಗಳನ್ನು ಪ್ರೀಮಿಯಂ ಅಂತ ಗುರುತಿಸಿ ಪ್ರತಿ ವರ್ಷವೂ ಜಾಸ್ತಿ ವಸೂಲಿ ಮಾಡುತ್ತಾರೆ. ರಿನ್ಯೂವಲ್ ಬೆಲೆ ನೋಡದೆ ಕಾರ್ಡ್ ಕೊಡಬೇಡಿ. ಡಾಟ್ ಕಾಮ್‌ನಲ್ಲಿ ವೆರಿಸೈನ್ ರಿಜಿಸ್ಟ್ರಾರ್‌ಗಳಿಂದ ಪಡೆಯುವ ಸಗಟು ದರಕ್ಕೆ ಒಂದು ಮಿತಿ ಇದೆ, 2024ರ ಸೆಪ್ಟೆಂಬರ್‌ನಿಂದ ಅದು ವರ್ಷಕ್ಕೆ 10.26 ಡಾಲರ್ ಆಗಿತ್ತು.

ನನ್ನ ಆಯ್ಕೆ ಕೇಳಿದರೆ, ಗಿರಾಕಿಗಳು ಭಾರತದವರೇ ಆಗಿದ್ದರೆ ಡಾಟ್ ಇನ್ ಮತ್ತು ಡಾಟ್ ಕಾಮ್ ಎರಡೂ ಒಟ್ಟಿಗೆ ಸಿಗುವ ಹೆಸರು ಹುಡುಕುತ್ತೇನೆ, ಒಂದೇ ಸಿಕ್ಕರೆ ಹೆಸರನ್ನೇ ಬದಲಿಸುತ್ತೇನೆ. ಡಾಟ್ ಜಿಜಿ ಇಷ್ಟವಾದರೆ ಮೂರನೆಯದಾಗಿ ತೆಗೆದುಕೊಂಡು, ಡಿಸ್ಕಾರ್ಡ್‌ನವರು ಆಹ್ವಾನದ ಲಿಂಕ್‌ಗಳಿಗೆ ಬಳಸುವ ಹಾಗೆ ಚಿಕ್ಕ ಲಿಂಕ್‌ಗೆ ಬಳಸಿ. ಕನ್ನಡ ಲಿಪಿಯ ಡಾಟ್ ಭಾರತ ಕೂಡ ನಿಕ್ಸಿ ಕೈಯಲ್ಲೇ ಇದೆ. ಕನ್ನಡದಲ್ಲೇ ವ್ಯಾಪಾರ ಮಾಡುವವರು ತೆಗೆದಿಟ್ಟುಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ. ಎಷ್ಟೋ ಕಡೆ ಇಮೇಲ್ ವಿಳಾಸವಾಗಿ ಕನ್ನಡ ಅಕ್ಷರವನ್ನು ಇನ್ನೂ ಒಪ್ಪುವುದಿಲ್ಲ.

ತೆಗೆದುಕೊಂಡ ಮೇಲೆ ಕಳೆದುಕೊಳ್ಳುವ ಬಗೆ

ಮೊದಲನೆಯದು, ಯಾರ ಹೆಸರಿನಲ್ಲಿ ಇದೆ ಅನ್ನುವುದು. ಸೈಟ್ ಮಾಡಿಕೊಡುವ ಹುಡುಗ ತನ್ನ ಖಾತೆಯಲ್ಲೇ, ತನ್ನ ಇಮೇಲ್ ಹಾಕಿ ಡೊಮೇನ್ ತೆಗೆದುಕೊಟ್ಟಿರುತ್ತಾನೆ. ಚೆನ್ನಾಗಿರುವ ತನಕ ಎಲ್ಲ ಸರಿ. ಮನಸ್ತಾಪ ಆದ ದಿನ ಲಾಗಿನ್ ಅವನ ಹತ್ತಿರ, ಅಂಗಡಿ ಅವನ ಹತ್ತಿರ. ರಿಜಿಸ್ಟ್ರೆಂಟ್ ಅನ್ನುವ ಜಾಗದಲ್ಲಿ ನಿಮ್ಮ ಅಥವಾ ಕಂಪನಿಯ ಹೆಸರೇ ಇರಬೇಕು, ಇಮೇಲ್ ನಿಮ್ಮದೇ ಆಗಿರಬೇಕು. ಆ ಇಮೇಲ್ ಇದೇ ಡೊಮೇನ್ ಮೇಲೆ ನಿಂತಿರಬಾರದು, ಡೊಮೇನ್ ಕೈಕೊಟ್ಟರೆ ಇಮೇಲೂ ಹೋಗುತ್ತದೆ. ಡಾಟ್ ಕಾಮ್ ಥರದವು ನೋಂದಣಿ ಆದಮೇಲೆ ಇಮೇಲ್ ಖಚಿತಪಡಿಸಿ ಅಂತ ಒಂದು ಮೆಸೇಜ್ ಬರುತ್ತದೆ. 15 ದಿನದೊಳಗೆ ಒತ್ತದಿದ್ದರೆ ಡೊಮೇನ್ ನಿಲ್ಲಿಸಬಹುದು. ಸ್ಪ್ಯಾಮ್ ಫೋಲ್ಡರ್ ನೋಡಿ.

ಎರಡನೆಯದು ರಿನ್ಯೂವಲ್. ಆಟೋ-ರಿನ್ಯೂ ಹಾಕಿದ್ದೇನೆ ಅಂತ ನಿಶ್ಚಿಂತೆಯಿಂದ ಇರುವವರಿಗೆ ಒಂದು ಮಾತು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಕಾರ್ಡಿನಿಂದ ತಾನಾಗಿ ದುಡ್ಡು ಕಟ್ ಆಗಬೇಕಾದರೆ ಮೊದಲೇ ಒಟಿಪಿ ಕೊಟ್ಟು ಮ್ಯಾಂಡೇಟ್, ಅಂದರೆ ಒಪ್ಪಿಗೆ, ಮಾಡಿರಬೇಕು. ವಿದೇಶಿ ರಿಜಿಸ್ಟ್ರಾರ್ ಈ ವ್ಯವಸ್ಥೆಗೆ ಸೇರಿಲ್ಲದಿದ್ದರೆ ನಿಮ್ಮ ಪರದೆಯಲ್ಲಿ ಆಟೋ-ರಿನ್ಯೂ ಆನ್ ಅಂತ ಹಸಿರು ಬಣ್ಣದಲ್ಲಿ ಕಾಣುತ್ತಲೇ ಇರುತ್ತದೆ, ದುಡ್ಡು ಮಾತ್ರ ಕಟ್ ಆಗುವುದಿಲ್ಲ. ಅವಧಿ ಮುಗಿದರೆ ಡಾಟ್ ಕಾಮ್‌ಗೆ 45 ದಿನದ ತನಕ ಮಾಮೂಲು ಬೆಲೆಗೆ ಉಳಿಸಿಕೊಳ್ಳುವ ಅವಕಾಶ ಇರಬಹುದು, ಎಷ್ಟು ದಿನ ಅನ್ನುವುದು ರಿಜಿಸ್ಟ್ರಾರ್‌ಗೆ ಬಿಟ್ಟದ್ದು. ಅಷ್ಟರೊಳಗೇ ಹರಾಜಿಗೆ ಇಡುವವರೂ ಇದ್ದಾರೆ. ಆಮೇಲೆ 30 ದಿನ ರಿಡೆಂಪ್ಶನ್, ವಾಪಸ್ ಪಡೆಯಲು ದಂಡ ಜೋರಾಗಿರುತ್ತದೆ. ಕೊನೆಗೆ 5 ದಿನ ಯಾರಿಂದಲೂ ಏನೂ ಮಾಡಲಾಗದು. ಆರನೇ ದಿನ ಅದು ಎಲ್ಲರಿಗೂ ಖಾಲಿ, ಅದನ್ನು ಹಿಡಿಯಲೆಂದೇ ಸಾಫ್ಟ್‌ವೇರ್‌ಗಳು ಕಾದಿರುತ್ತವೆ. ಮುಖ್ಯ ಹೆಸರನ್ನು ಐದು ವರ್ಷಕ್ಕೋ ಹತ್ತು ವರ್ಷಕ್ಕೋ ಒಟ್ಟಿಗೇ ಕಟ್ಟಿಬಿಡಿ. ಖಾತೆಗೆ ಟೂ-ಫ್ಯಾಕ್ಟರ್ ಹಾಕಿ, ಡೊಮೇನ್ ಬೇರೆ ಕಡೆ ಹೋಗದಂತೆ ತಡೆಯುವ ಟ್ರಾನ್ಸ್‌ಫರ್ ಲಾಕ್ ಆನ್ ಇಡಿ.

ಬೇರೆಯವರು ಬಿಟ್ಟ ಹೆಸರನ್ನು ನೀವು ತೆಗೆದುಕೊಳ್ಳುತ್ತಿದ್ದರೆ ಅದರ ಹಿಂದಿನ ಜನ್ಮ ನೋಡಿ. ವೇಬ್ಯಾಕ್ ಮಷಿನ್‌ನಲ್ಲಿ ಹಳೆಯ ಪುಟಗಳು ಸಿಗುತ್ತವೆ. ಗೂಗಲ್‌ನ ಸೇಫ್ ಬ್ರೌಸಿಂಗ್, ಸ್ಪ್ಯಾಮ್‌ಹೌಸ್ ಪಟ್ಟಿಗಳಲ್ಲಿ ಕೆಟ್ಟ ಹೆಸರು ಇದೆಯೇ ನೋಡಿ. ಹಿಂದೆ ಸ್ಪ್ಯಾಮ್ ಕಳಿಸಿದ ಡೊಮೇನ್ ಆಗಿದ್ದರೆ ನಿಮ್ಮ ಒಟಿಪಿ ಮೇಲ್ ಗಿರಾಕಿಯ ಇನ್‌ಬಾಕ್ಸ್ ಮುಟ್ಟುವುದಿಲ್ಲ, ಒಟಿಪಿ ಬಾರದ ಮಾರ್ಕೆಟ್‌ಪ್ಲೇಸ್‌ಗೆ ಎರಡನೇ ಸಲ ಯಾರೂ ಬರುವುದಿಲ್ಲ.

ಹೆಸರು ವ್ಯಾಪಾರಕ್ಕಿಂತ ಜಾಸ್ತಿ ದಿನ ಬದುಕುತ್ತದೆ ಅನ್ನುವುದಕ್ಕೆ ಮೌಂಟ್ ಗಾಕ್ಸ್‌ಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಜೆಡ್ ಮೆಕ್‌ಕ್ಯಾಲೆಬ್ ಆ ಡೊಮೇನ್ ತೆಗೆದುಕೊಂಡದ್ದು 2007ರಲ್ಲಿ, ಮ್ಯಾಜಿಕ್ ದಿ ಗ್ಯಾದರಿಂಗ್ ಆನ್‌ಲೈನ್ ಗೇಮ್‌ನ ಕಾರ್ಡುಗಳನ್ನು ಷೇರುಗಳ ಥರ ಕೊಂಡು ಮಾರುವ ಸೈಟಿಗಾಗಿ. ಗೇಮ್‌ನ ಹೆಸರಿನ ಮೊದಲಕ್ಷರಗಳಿಗೆ ಎಕ್ಸ್‌ಚೇಂಜ್ ಸೇರಿಸಿದ್ದು ಅಷ್ಟೇ. ಆ ವ್ಯಾಪಾರ ಕೈ ಹತ್ತಲಿಲ್ಲ. 2010ರಲ್ಲಿ ಅದೇ ಡೊಮೇನ್ ಮೇಲೆ ಬಿಟ್‌ಕಾಯಿನ್ ವಿನಿಮಯ ಶುರು ಮಾಡಿದರು, 2011ರಲ್ಲಿ ಬೇರೆಯವರಿಗೆ ಮಾರಿದರು, ಅದು ಜಗತ್ತಿನ ಅತಿ ದೊಡ್ಡ ಬಿಟ್‌ಕಾಯಿನ್ ವಿನಿಮಯ ಕೇಂದ್ರ ಆಯಿತು, 2014ರ ಫೆಬ್ರವರಿಯಲ್ಲಿ ಕುಸಿದುಬಿತ್ತು. ಸುಮಾರು 8,50,000 ಬಿಟ್‌ಕಾಯಿನ್ ಕಾಣೆಯಾಗಿವೆ ಅಂದರು, ಆಮೇಲೆ ಅದರಲ್ಲಿ 2,00,000 ಸಿಕ್ಕವು. ಇಷ್ಟೆಲ್ಲ ಆದರೂ ಬೋರ್ಡಿನ ಮೇಲೆ ಇದ್ದದ್ದು ಒಂದು ಕಾರ್ಡ್ ಗೇಮ್‌ನ ಮೊದಲಕ್ಷರಗಳು. ಅಷ್ಟೊಂದು ದುಡ್ಡನ್ನು ಕಾರ್ಡ್ ಬದಲಾಯಿಸುವ ಸೈಟಿನ ಕೈಗೆ ಕೊಟ್ಟರು ಅಂತ ಜನ ಇವತ್ತಿಗೂ ಹೇಳುತ್ತಾರೆ.

ಮುಂದೆ ಹೆಸರು ಬದಲಿಸಲೇಬೇಕಾಗಿ ಬಂದರೆ ಆಗದ ಮಾತೇನಲ್ಲ. ಡಿಸ್ಕಾರ್ಡ್ ಶುರುವಿನಲ್ಲಿ ಕೊನೆಗೆ 'ಆಪ್' ಅಂತ ಸೇರಿಸಿದ ಡೊಮೇನ್‌ನಲ್ಲಿತ್ತು, 2020ರಲ್ಲಿ ಡಿಸ್ಕಾರ್ಡ್ ಡಾಟ್ ಕಾಮ್‌ಗೆ ಬಂತು. ಹಳೆಯ ವಿಳಾಸದ ಪ್ರತಿ ಪುಟವನ್ನೂ ಹೊಸ ವಿಳಾಸದ ಅದೇ ಪುಟಕ್ಕೆ ಶಾಶ್ವತವಾಗಿ ತಿರುಗಿಸಬೇಕು, ಇದಕ್ಕೆ 301 ರಿಡೈರೆಕ್ಟ್ ಅನ್ನುತ್ತಾರೆ. ಬದಲಾಗುವ ಮುಂಚೆಯೇ ಹಳೆಯ ಸೈಟಿನಲ್ಲಿ, ಇಮೇಲ್‌ನಲ್ಲಿ, ಡಿಸ್ಕಾರ್ಡ್‌ನಲ್ಲಿ ವಾರಗಟ್ಟಲೆ ಹೇಳುತ್ತಿರಬೇಕು, ಇಲ್ಲದಿದ್ದರೆ ಹೊಸ ಹೆಸರನ್ನೇ ಜನ ಫಿಶಿಂಗ್, ಅಂದರೆ ಪಾಸ್‌ವರ್ಡ್ ಕದಿಯುವ ನಕಲಿ ಸೈಟ್, ಅಂದುಕೊಳ್ಳುತ್ತಾರೆ. ಹಳೆಯ ಡೊಮೇನಿಗೆ ಪ್ರತಿ ವರ್ಷ ದುಡ್ಡು ಕಟ್ಟುತ್ತಲೇ ಇರಿ. ಅದನ್ನು ಬಿಟ್ಟರೆ ಎತ್ತಿಕೊಂಡವನಿಗೆ ಬರೀ ಹೆಸರು ಸಿಗುವುದಿಲ್ಲ. ನಿಮ್ಮ ಸಪೋರ್ಟ್ ಮೇಲ್ ವಿಳಾಸಕ್ಕೆ ಬರುವ ಪತ್ರಗಳು ಅವನಿಗೆ ಹೋಗುತ್ತವೆ, ಆ ವಿಳಾಸದಿಂದ ನೀವು ತೆರೆದಿದ್ದ ಖಾತೆಗಳ ಪಾಸ್‌ವರ್ಡ್ ರಿಸೆಟ್ ಲಿಂಕ್‌ಗಳು ಅವನಿಗೆ ಹೋಗುತ್ತವೆ, ಬುಕ್‌ಮಾರ್ಕ್ ಒತ್ತಿ ಬರುವ ಹಳೆಯ ಗಿರಾಕಿಗೆ ಅವನ ಲಾಗಿನ್ ಪುಟ ಸಿಗುತ್ತದೆ.